ಮುಂದೆ ಒಂದೇ ಚೈನ್‌ರಿಂಗ್: ಜಿಆರ್‌ಎಕ್ಸ್ 11-42, ಸ್ವಾರ್ಡ್ 11-48, ನಮ್ ಕಡೆಗೆ ಯಾವ್ದು?

ದಾವಣಗೆರೆ, ದುರ್ಗದ ಕಡೆ ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣಿನ ದಾರೀಲೂ ಓಡೋದು) ತಗೊಳ್ಳೋರು ನನ್ನ ಕೇಳೋದು ಒಂದೇ ಮಾತು, "ಅಣ್ಣ, ಮುಂದೆ ಒಂದೇ ಚೈನ್‌ರಿಂಗ್ ಇದ್ರೆ ಜೋಗಿಮಟ್ಟಿ ಹತ್ತತೈತಾ?" ಚೈನ್‌ರಿಂಗ್ ಅಂದ್ರೆ ಪೆಡಲ್ ಹತ್ರದ ಹಲ್ಲಿನ ಚಕ್ರ, ಜೋಗಿಮಟ್ಟಿ ಅಂದ್ರೆ ದುರ್ಗದ ಪಕ್ಕದ ಗುಡ್ಡ. ಹತ್ತತೈತೆ, ಆದ್ರೆ ಹಿಂದೆ ಯಾವ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ಹಾಕಿದೀರ ಅನ್ನೋದ್ರ ಮೇಲೈತೆ. ನಂದು ಶಿಮಾನೊ ಜಿಆರ್‌ಎಕ್ಸ್ 11 ಸ್ಪೀಡು (ಹಿಂದೆ 11 ಗೇರು), ಮುಂದೆ 40 ಹಲ್ಲು, ಹಿಂದೆ 11-42, ಅಂದ್ರೆ ಎಲ್ಲಕ್ಕಿಂತ ಸಣ್ಣ ಹಲ್ಲುಚಕ್ರಕ್ಕೆ 11 ಹಲ್ಲು, ದೊಡ್ಡದಕ್ಕೆ 42. ಗೆಳೆಯಂದು ಮೈಕ್ರೊಶಿಫ್ಟ್ ಸ್ವಾರ್ಡ್ 10 ಸ್ಪೀಡು, ಮುಂದೆ ಅದೇ 40, ಹಿಂದೆ 11-48. ಇಬ್ರುದೂ ಟೈರು 700 ಬೈ 40, ಫ್ರೇಮ್ ಸೈಜೂ ಒಂದೇ, ಹಂಗಾಗಿ ಸೈಕಲ್ ಅದಲುಬದಲು ಮಾಡ್ಕೊಂಡು ಅದೇ ದಾರೀಲಿ ಓಡಿಸಿ ನೋಡೋಕೆ ಆಯ್ತು.

ಏರಿನ ವಿಷ್ಯದಲ್ಲಿ ಸ್ವಾರ್ಡ್ ಮುಂದೆ, ಇದ್ರಲ್ಲಿ ಎರಡು ಮಾತಿಲ್ಲ. ಪೆಡಲ್ ಒಂದು ಸುತ್ತು ತಿರುಗಿದ್ರೆ 42ರಲ್ಲಿ ಸೈಕಲ್ ಸುಮಾರು 2.1 ಮೀಟರ್ ಮುಂದಕ್ಕೆ ಹೋಗ್ತೈತೆ, 48ರಲ್ಲಿ 1.83 ಮೀಟರ್. ಕೇಳೋಕೆ ಸಣ್ಣದು ಅನ್ಸುತ್ತೆ, ಆದ್ರೆ ಜೋಗಿಮಟ್ಟಿ ತಿರುವಲ್ಲಿ ಸ್ಪೀಡು ಗಂಟೆಗೆ 6 ಕಿಲೋಮೀಟರಿಗೆ ಇಳಿದಾಗ ನನ್ನ ಸೈಕಲ್ಲಲ್ಲಿ ನಿಮಿಷಕ್ಕೆ ಪೆಡಲ್ 48 ಸುತ್ತು ತಿರುಗಿದ್ರೆ ಅವನದ್ರಲ್ಲಿ 55 ಹತ್ರ ಬರ್ತೈತೆ, ಆ ಏಳು ಸುತ್ತಲ್ಲೇ ಮಂಡಿ ನೋವು ಬರೋದು ಬಿಡೋದು ತೀರ್ಮಾನ ಆಗೋದು. ಡಾಂಬರಲ್ಲಾದ್ರೆ ಎದ್ದು ನಿಂತು ತುಳಿದು ದಾಟ್ಬೋದು ಕಣ್ರಿ, ಸಡಿಲ ಜಲ್ಲಿ ಮೇಲೆ ಎದ್ದು ನಿಂತ್ರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅಲ್ಲೇ ಗಿರ್ರನೆ ಜಾರ್ತೈತೆ, ಕೂತೇ ತುಳೀಬೇಕು, ಕೂತು ತುಳಿಯೋಕೆ ದೊಡ್ಡ ಹಲ್ಲೇ ಬೇಕು.

ಇನ್ನು ಗಾಳಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲಾಗಿ ನಿಲ್ಸಿರೋದು ಸುಮ್ನೆ ಅಲ್ಲ. ಆಷಾಢದಲ್ಲಿ ಹೆದ್ದಾರಿ ಪಕ್ಕದ ಸರ್ವಿಸ್ ರೋಡಲ್ಲಿ ಎದುರುಗಾಳಿಗೆ ಹೋಗ್ತಾ ಇದ್ರೆ ಸ್ವಾರ್ಡಲ್ಲಿ ಒಂದು ಕೊರತೆ ಚೆನ್ನಾಗೇ ಗೊತ್ತಾಗ್ತೈತೆ. ಅದ್ರ ಕ್ಯಾಸೆಟ್ 11, 13, 15 ಆದ್ಮೇಲೆ ಸೀದಾ 18ಕ್ಕೆ ಹಾರ್ತೈತೆ. ನಿಮಿಷಕ್ಕೆ 90 ಸುತ್ತು ತುಳಿದ್ರೆ 15ರಲ್ಲಿ ಗಂಟೆಗೆ 31-32 ಕಿಲೋಮೀಟರ್, 18ರಲ್ಲಿ 26 ಚಿಲ್ಲರೆ, ನಡುವೆ ಏನೂ ಇಲ್ಲ. ನಾವು ಗುಂಪಲ್ಲಿ ಹೋಗೋದು ಸರಿಯಾಗಿ ಆ ನಡುವಿನ 28ರಲ್ಲೇ. ಜಿಆರ್‌ಎಕ್ಸಲ್ಲಿ 15, 17, 19 ಅಂತ ಐತೆ, 17ಕ್ಕೆ ಹಾಕಿದ್ರೆ ಕರೆಕ್ಟಾಗಿ 28. ಅವನ ಸೈಕಲ್ಲಲ್ಲಿ ನಾನು ಗುಂಪಿನ ಜೊತೆ ಹೋಗುವಾಗ ಒಂದು ಗೇರಲ್ಲಿ ಕಾಲು ಭಾರ ಆಗೋದು, ಇನ್ನೊಂದ್ರಲ್ಲಿ ಸುಮ್ನೆ ಸುತ್ತೋದು, ದಾರಿಯುದ್ದಕ್ಕೂ ಗೇರ್ ಲಿವರ್ ಜೊತೆ ಗುದ್ದಾಟ.

ಭದ್ರಾ ಚಾನಲ್ ಏರಿ ಮೇಲೆ, ಗುಂಡಿ ಕಲ್ಲು ಎಲ್ಲಾ ಇರೋ ಕಡೆ, ಎರಡ್ರಲ್ಲೂ ಚೈನ್ ಬೀಳ್ಲಿಲ್ಲ, ಎರಡಕ್ಕೂ ಡಿರೇಲರಲ್ಲಿ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ) ಚೈನ್ ಕುಣಿಯದ ಹಂಗೆ ಹಿಡಿಯೋ ಕ್ಲಚ್ ಐತೆ. ಬ್ರೇಕಲ್ಲಿ ಮಾತ್ರ ಜಿಆರ್‌ಎಕ್ಸ್ ಹೈಡ್ರಾಲಿಕ್, ಸ್ವಾರ್ಡ್ ಕೇಬಲ್, ಜೋಗಿಮಟ್ಟಿ ಇಳಿಯುವಾಗ ಬೆರಳಿಗೆ ಆ ವ್ಯತ್ಯಾಸ ತಿಳೀತೈತೆ. ಆದ್ರೆ ಊರಿಂದ ದೂರ ಹೋದಾಗ ಕೇಬಲ್ ಆದ್ರೆ ನಾವೇ ಬದಲಾಯಿಸ್ಕೋಬೋದು ಅನ್ನೋ ಧೈರ್ಯವೂ ದೊಡ್ಡದೇ.

ಈಗ ಜೋಡಣೆ ವಿಷ್ಯ, ದುಡ್ಡು ಹೋಗೋದೇ ಇಲ್ಲಿ. ಶಿಫ್ಟರ್ (ಗೇರ್ ಲಿವರ್) ಮತ್ತೆ ಹಿಂದಿನ ಡಿರೇಲರ್ ಜೋಡಿ ಒಡೀಬೇಡಿ. ಲಿವರ್ ಒಂದು ಕ್ಲಿಕ್ಕಿಗೆ ಎಷ್ಟು ಕೇಬಲ್ ಎಳೀತೈತೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಶಿಮಾನೊ ಒಳಗೇ ರೋಡ್ 11 ಸ್ಪೀಡಿನ ಲೆಕ್ಕ ಬೇರೆ, ಎಂಟಿಬಿ (ಮೌಂಟನ್ ಬೈಕ್) 11 ಸ್ಪೀಡಿನ ಲೆಕ್ಕ ಬೇರೆ. ಜಿಆರ್‌ಎಕ್ಸ್ 11 ನಡೆಯೋದು ರೋಡ್ ಲೆಕ್ಕದಲ್ಲಿ. ಹಂಗಾಗಿ ಹೆಂಗೂ 11 ಸ್ಪೀಡೇ ಅಲ್ವಾ ಅಂತ ಶಿಮಾನೊ ಎಂಟಿಬಿ ಸಾಲಿನ ಎಕ್ಸ್‌ಟಿ ಡಿರೇಲರ್ ತಂದು ಜಿಆರ್‌ಎಕ್ಸ್ ಲಿವರಿಗೆ ಹಾಕಿದ್ರೆ ಗೇರು ಒಂದೂ ಸರಿ ಕೂರಲ್ಲ, ನಡುವೆ ಕೇಬಲ್ ಎಳೆತ ಬದಲಾಯಿಸೋ ಟ್ಯಾನ್‌ಪ್ಯಾನ್ ಥರದ ಪುಲ್ಲಿ ಹಾಕ್ಬೇಕು. ನನ್ನ ಜಿಆರ್‌ಎಕ್ಸ್ 812 ಡಿರೇಲರಿಗೆ 48 ಹಲ್ಲಿಂದು ಹಾಕೋಕೂ ಆಗಲ್ಲ, ಕಂಪನಿ ಹೇಳಿರೋ ಮಿತಿನೇ 42.

ಇನ್ನೊಂದು, ಚಕ್ರದ ಫ್ರೀಹಬ್, ಅಂದ್ರೆ ಕ್ಯಾಸೆಟ್ ಕೂರೋ ಭಾಗ. 11-42, 11-48 ಎರಡೂ ಸಾಮಾನ್ಯ ಎಚ್‌ಜಿ ಫ್ರೀಹಬ್ಬಿಗೆ ಕೂರ್ತವೆ, ಆದ್ರೆ 11 ಸ್ಪೀಡ್ ರೋಡ್ ಹಬ್ ಆದ್ರೆ ಕ್ಯಾಸೆಟ್ ಹಿಂದೆ 1.85 ಮಿಲಿಮೀಟರ್ ಸ್ಪೇಸರ್ ಬೇಕೇಬೇಕು. ನೋಡೋಕೆ ಬಳೆಯಷ್ಟು ತೆಳ್ಳಗೆ ಇರ್ತೈತೆ, ಆದ್ರೆ ಅದು ಇಲ್ದೆ ಹೋದ್ರೆ ಲಾಕ್‌ರಿಂಗ್ ಫುಲ್ ಟೈಟ್ ಆದ್ಮೇಲೂ ಕ್ಯಾಸೆಟ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಕಟಕಟ ಅನ್ನತೈತೆ. ಕೆಲವರು ಹೊಸ ಜಿಆರ್‌ಎಕ್ಸ್ 12 ಸ್ಪೀಡಿನ 10-51 ಕೇಳ್ತಾರೆ, ಏರಿಗೆ ಬಹಳ ಒಳ್ಳೇದು, ಆದ್ರೆ ಅದಕ್ಕೆ ಮೈಕ್ರೊಸ್ಪ್ಲೈನ್ ಅನ್ನೋ ಬೇರೆ ಥರದ ಫ್ರೀಹಬ್ ಬೇಕು, ನಿಮ್ಮ ಹಬ್ಬಿಗೆ ಆ ಫ್ರೀಹಬ್ ಸಿಗ್ಲಿಲ್ಲ ಅಂದ್ರೆ ಚಕ್ರನೇ ಹೊಸದು, ಜೊತೆಗೆ ಲಿವರು ಡಿರೇಲರು ಚೈನು ಎಲ್ಲಾ ಬದಲು.

ನಾನು ಜಿಆರ್‌ಎಕ್ಸ್ ಬಿಡ್ಲಿಲ್ಲ. ವಾರದ ದಿನ ಓಡಿಸೋದು ಹೆಚ್ಚು ಬಯಲಲ್ಲೇ, ನನಗೆ ಆ 17 ಹಲ್ಲು ಬೇಕು. ಬದಲಿಗೆ ಮುಂದೆ ಬೇರೆ ಕಂಪನಿಯ 38 ಹಲ್ಲಿನ ರಿಂಗ್ ಹಾಕಿಸ್ದೆ, 110 ಬಿಸಿಡಿ (ಬೋಲ್ಟ್ ಕೂರೋ ವೃತ್ತದ ವ್ಯಾಸ 110 ಮಿಲಿಮೀಟರ್) ನಾಲ್ಕು ಬೋಲ್ಟಿಂದು, ಚೈನ್ ಕತ್ತರಿಸೋ ಕೆಲಸವೂ ಬರ್ಲಿಲ್ಲ. ಈಗ ಕಡೇ ಗೇರಲ್ಲಿ ಒಂದು ಸುತ್ತಿಗೆ 2 ಮೀಟರಿಗೆ ಇಳಿದೈತೆ, ಮೇಲ್ಗಡೆ 90 ಸುತ್ತಿಗೆ 43 ಇದ್ದದ್ದು 41 ಆಗೈತೆ, ಆ ಎರಡು ಕಿಲೋಮೀಟರ್ ನನಗೆ ಎಲ್ಲೂ ಬೇಕಾಗಿಲ್ಲ. ಆದ್ರೆ ಬ್ಯಾಗು ಟೆಂಟು ಕಟ್ಕೊಂಡು ಸೂಳೆಕೆರೆ, ಮಾರಿಕಣಿವೆ ಅಂತ ಸುತ್ತೋರು, ಜೋಗಿಮಟ್ಟಿಗೆ ಆಗಾಗ ಹೋಗೋರು ಹೊಸದಾಗಿ ತಗೊಳ್ತಿದ್ರೆ ಯೋಚ್ನೆ ಮಾಡದೆ 11-48 ತಗೊಳ್ಳಿ, ಬಯಲಲ್ಲಿ ಒಂದು ಗೇರು ಇಲ್ದಿದ್ರೆ ನಿಧಾನಕ್ಕೆ ಹೋಗ್ಬೋದು, ಏರಲ್ಲಿ ಒಂದು ಗೇರು ಇಲ್ದಿದ್ರೆ ಇಳಿದು ತಳ್ಳೋದೇ.