ಯುಗಾದಿಗೆ ಬೇಳೆ ಹೋಳಿಗೆಯೋ, ಕಾಯಿ ಹೋಳಿಗೆಯೋ?

ಹಬ್ಬಕ್ಕೆ ಒಂದೇ ಬಗೆ ಮಾಡುವುದಾದರೆ ನನ್ನ ಆಯ್ಕೆ ಬೇಳೆ ಹೋಳಿಗೆ. ಕಡಲೆಬೇಳೆಯಾಗಲಿ, ಹಳೆ ಮೈಸೂರಿನ ಕಡೆಯ ತೊಗರಿಬೇಳೆಯಾಗಲಿ, ಹೂರಣದಲ್ಲಿ ಪ್ರೋಟೀನ್, ನಾರು ಎರಡೂ ಇರುತ್ತವೆ. ಒಂದು ತಿಂದರೆ ಹೊಟ್ಟೆ ತುಂಬುತ್ತದೆ. ಬೇಳೆ ಬೆಂದ ಕಟ್ಟು ಸಾರಿಗೆ ಒದಗುತ್ತದೆ. ಮರುದಿನ ಆ ಸಾರಿನ ರುಚಿಯೇ ಬೇರೆ!

ಬೇಳೆ ತಿಂದರೆ ಹೊಟ್ಟೆ ಉಬ್ಬರಿಸುವವರಿಗೆ ಕಾಯಿ ಹೋಳಿಗೆ ಹಿತ. ಊರಿಗೆ ಮರಳುವವರಿಗೆ ಕಟ್ಟಿಕೊಡಲೂ ಇದೇ ವಾಸಿ, ಹೆಚ್ಚು ದಿನ ಇರುತ್ತದೆ. ಆದರೆ ತೆಂಗಿನ ಕೊಬ್ಬಿಗೆ ತುಪ್ಪವೂ ಸೇರಿದರೆ ಒಂದರ ಮೇಲೆ ಇನ್ನೊಂದು ತಿನ್ನುವುದು ಭಾರ.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯಿದ್ದರೆ ಎರಡರಲ್ಲೂ ಎಚ್ಚರ ಬೇಕು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಮೊದಲು ಕೋಸಂಬರಿ, ಪಲ್ಯ ಬಡಿಸಿ, ಅನ್ನ ಕಡಿಮೆ ಮಾಡಿ, ಅರ್ಧ ಹೋಳಿಗೆ ಕೊಡಿ. ‘ಇನ್ನೊಂದು ಹಾಕ್ಲಾ’ ಎಂದು ಒತ್ತಾಯಿಸಬೇಡಿ.