ಗೋಡಾಕ್ಸ್ ಎಡಿ200: ಬಿಸಿಲಿಗೆ ಸಾಕು, ಛತ್ರದೊಳಗೆ ಕೆಲವೊಮ್ಮೆ ಹೆಚ್ಚೇ

ಕ್ಯಾಮೆರಾದಿಂದ ಬೇರೆಯಾಗಿ ಸ್ಟ್ಯಾಂಡಿನ ಮೇಲಿಟ್ಟು ಬಳಸುವ ಬ್ಯಾಟರಿ ಫ್ಲ್ಯಾಶ್ ಇದು, 2017ರ ಮಾಡೆಲ್. ಹೊರಾಂಗಣ ಪೋರ್ಟ್ರೇಟಿಗೆ ವರ್ಷಗಟ್ಟಲೆ ಬಳಸಿದ ಮೇಲೆ ಅನ್ನಿಸುವುದಿಷ್ಟು: ಇದನ್ನು ಕೊಳ್ಳಬೇಕಾದ್ದು 1/8000 ಸೆಕೆಂಡಿನವರೆಗಿನ ಹೈಸ್ಪೀಡ್ ಸಿಂಕ್‌ಗಾಗಿ (ಮಾಮೂಲು ಮಿತಿಯಾದ ಸುಮಾರು 1/200ಕ್ಕಿಂತ ವೇಗದ ಶಟರಿನಲ್ಲೂ ಫ್ಲ್ಯಾಶ್ ಹೊಡೆಯುವ ವ್ಯವಸ್ಥೆ) ಅಲ್ಲ, ಅದರ ಹಂಗಿಲ್ಲದೆ ಮಟಮಟ ಮಧ್ಯಾಹ್ನವನ್ನು ನಿಭಾಯಿಸುವ 200 ವ್ಯಾಟ್-ಸೆಕೆಂಡ್ ಪವರ್‌ಗಾಗಿ.

ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 100, ಶಟರ್ 1/200 ಇಟ್ಟರೆ ನೇರ ಬಿಸಿಲಿಗೆ ಎಫ್/11 ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ; ಅಂಕೆ ಇಳಿದಷ್ಟೂ ಕಿಂಡಿ ದೊಡ್ಡದು) ಬೇಕು. ಸೂರ್ಯ ಬೆನ್ನ ಹಿಂದೆ ಬರುವಂತೆ ವ್ಯಕ್ತಿಯನ್ನು ನಿಲ್ಲಿಸಿ. ಫ್ಲ್ಯಾಶ್ ಆಫ್ ಇರುವಾಗಲೇ ಹಿನ್ನೆಲೆಗೆ ಎಕ್ಸ್‌ಪೋಶರ್ ಹೊಂದಿಸಿಕೊಳ್ಳಿ; ಮುಖ ಕಪ್ಪಾಗಿ ಬಂದರೆ ಗಾಬರಿ ಬೇಡ. ಆಮೇಲೆ ಬೇರ್ ಬಲ್ಬ್ ಹೆಡ್ (ಬಲ್ಬ್ ಹೊರಗೇ ಕಾಣುವ ತಲೆ) ಹಾಕಿ, 60 ಸೆಂ.ಮೀ. ಸಾಫ್ಟ್‌ಬಾಕ್ಸನ್ನು (ಬೆಳಕು ಮೃದುಗೊಳಿಸುವ ಬಟ್ಟೆಯ ಗೂಡು) ಮುಖದಿಂದ ಒಂದು ಮೀಟರಿಗೆ ತಂದು, ಮ್ಯಾನುಯಲ್ 1/2 ಪವರಿನಿಂದ ಶುರು ಮಾಡಿ. ಹಣೆ, ಮೂಗಿನ ತುದಿ ಬೆಳ್ಳಗೆ ಹೊಳೆದರೆ ಮೂರನೇ ಒಂದು ಸ್ಟಾಪ್‌ನಷ್ಟೇ ಇಳಿಸುತ್ತಾ ಬನ್ನಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಸ್ಟ್ಯಾಂಡ್ ಎರಡು ಮೀಟರಿಗೆ ಸರಿದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಬೀಳುತ್ತದೆ. ಪವರ್ ಸಾಲದೆಂಬ ದೂರು ಹುಟ್ಟುವುದು ಹೆಚ್ಚಾಗಿ ಇಲ್ಲೇ.

ಹಿನ್ನೆಲೆ ಮಸುಕಾಗಲೆಂದು ಎಫ್/2.8ಕ್ಕೆ ಹೋದರೆ ಶಟರ್ 1/3200 ಆಗಬೇಕು, ಅಂದರೆ ಹೈಸ್ಪೀಡ್ ಸಿಂಕ್. ಆಗ ಫ್ಲ್ಯಾಶ್ ಒಂದೇ ಏಟಿಗೆ ಹೊಡೆಯದೆ, ಶಟರಿನ ಸೀಳು ಸೆನ್ಸರ್ ದಾಟುವವರೆಗೂ ಪಟಪಟನೆ ಮಿಡಿಯುತ್ತದೆ. ಸೀಳಿನಾಚೆ ಬಿದ್ದ ಬೆಳಕೆಲ್ಲ ದಂಡ. ಎರಡು ಸ್ಟಾಪ್‌ನಷ್ಟು ಹೋಯಿತೆಂದೇ ಲೆಕ್ಕ, ಸಾಲದ್ದಕ್ಕೆ ಹೆಡ್ ಬೇಗ ಕಾಯುತ್ತದೆ. ಲೆನ್ಸಿಗೆ 4 ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕನ್ನಷ್ಟೇ ತಗ್ಗಿಸುವ ಕಪ್ಪು ಗಾಜು) ಹಾಕಿ 1/200ರಲ್ಲೇ ಉಳಿಯುವುದು ಮೇಲು. ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಕತ್ತಲಾಗುವುದರಿಂದ ಫೋಕಸ್ ಮೊದಲೇ ಹಿಡಿದಿಟ್ಟುಕೊಳ್ಳಬೇಕು. ಅಗ್ಗದ ಎನ್‌ಡಿಯ ತಂಟೆಗೆ ಹೋಗಬೇಡಿ, ಮೈಬಣ್ಣ ಕೆಡುತ್ತದೆ.

ಫೋಟೋದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬಂದರೆ ಫ್ಲ್ಯಾಶ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹೆಚ್ಚಾಗಿ ಅದು ರೇಡಿಯೋ ಟ್ರಿಗರಿನ (ಕ್ಯಾಮೆರಾದಿಂದ ಫ್ಲ್ಯಾಶಿಗೆ ಸಂಕೇತ ಕಳಿಸುವ ಸಾಧನ) ಕಿಂಚಿತ್ ವಿಳಂಬ. ಶಟರನ್ನು 1/160ಕ್ಕೆ ಇಳಿಸಿದರೆ ಹೋಗುತ್ತದೆ.

ಮದುವೆ ಛತ್ರದ ಹಳದಿ ಬಲ್ಬುಗಳ ನಡುವೆ ಸಮಸ್ಯೆ ತಿರುಗುಮುರುಗು, ಪವರ್ ಹೆಚ್ಚಾಗುವುದು. ಅದಕ್ಕೂ ಮೊದಲು ಬಣ್ಣ ಸರಿಮಾಡಬೇಕು. ಫ್ಲ್ಯಾಶಿನ ಬಣ್ಣ ಸುಮಾರು 5600 ಕೆಲ್ವಿನ್, ಬಲ್ಬಿನದು 3000ದ ಆಸುಪಾಸು (ಅಂಕೆ ಇಳಿದಷ್ಟೂ ಹಳದಿ). ಫ್ಲ್ಯಾಶಿಗೆ ಫುಲ್ ಸಿಟಿಒ ಜೆಲ್ (ಬೆಳಕನ್ನು ಹಳದಿಗೆ ತಿರುಗಿಸುವ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ) ಹಾಕಿ ವೈಟ್ ಬ್ಯಾಲೆನ್ಸ್ 3200 ಇಡಿ. ಇಲ್ಲದಿದ್ದರೆ ಮುಖ ನೀಲಿ, ಇಲ್ಲವೇ ಗೋಡೆಯೆಲ್ಲ ಅರಿಶಿನ ಬಳಿದ ಹಾಗೆ. ಜೆಲ್ ಫ್ರೆನೆಲ್ ಹೆಡ್ಡಿಗೆ (ಬಲ್ಬಿನ ಮುಂದೆ ಚಪ್ಪಟೆ ಲೆನ್ಸ್ ಇರುವ ಇನ್ನೊಂದು ತಲೆ) ಮಾತ್ರ, ಬೇರ್ ಬಲ್ಬಿಗೆ ತಾಗಿಸಿದರೆ ಸುರುಟಿಕೊಳ್ಳುತ್ತದೆ. ಐಎಸ್‌ಒ 800, ಎಫ್/2.8, 1/60 ಇಟ್ಟರೆ ಹಿಂದಿನ ದೀಪಾಲಂಕಾರ ಉಳಿಯುತ್ತದೆ. ಆದರೆ ಫ್ಲ್ಯಾಶ್ ಪವರ್ 1/128ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಹತ್ತಿರದಿಂದ ಅದೂ ಜಾಸ್ತಿಯೇ. ಸ್ಟ್ಯಾಂಡನ್ನು ಹಿಂದೆ ಸರಿಸಬೇಕು, ಅಥವಾ ಸಾಫ್ಟ್‌ಬಾಕ್ಸಿಗೆ ಇನ್ನೊಂದು ಬಿಳಿ ಬಟ್ಟೆ ಹೊದಿಸಬೇಕು. ಒಳಾಂಗಣವೇ ಮುಖ್ಯ ಕೆಲಸವಾದವರಿಗೆ ಸಾಮಾನ್ಯ ಸ್ಪೀಡ್‌ಲೈಟ್ (ಕ್ಯಾಮೆರಾ ಮೇಲೆ ಕೂರುವ ಸಣ್ಣ ಫ್ಲ್ಯಾಶ್) ಸಾಕು.

ಬ್ಯಾಟರಿ 14.4 ವೋಲ್ಟ್, 2900 ಎಂಎಎಚ್. ಕಂಪನಿ ಹೇಳುವುದು ಫುಲ್ ಪವರಿನಲ್ಲಿ 500 ಫ್ಲ್ಯಾಶ್, ನಡುವಿನ ಕಾಯುವಿಕೆ 2.1 ಸೆಕೆಂಡ್. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜಿನಲ್ಲಿ, ಬಾಡಿಯಿಂದ ಬಿಚ್ಚಿ ಇಡಿ.