ಮೂರು ಬಾಡಿಗೆ ಯಂತ್ರಗಳು, ಒಂದೇ ಮೈನ್‌ಕ್ರಾಫ್ಟ್ ಲೋಕ

ಮೈನ್‌ಕ್ರಾಫ್ಟ್ ಎಂಬ ಬ್ಲಾಕ್ ಜೋಡಿಸುವ ಆಟದಲ್ಲಿ ನಾವು ಏಳು ಗೆಳೆಯರು ಸೇರಿ ಕಟ್ಟಿದ ಲೋಕ ಎಂಟು ತಿಂಗಳಲ್ಲಿ ಮೂರು ಬಾಡಿಗೆ ಮನೆ, ಅಂದರೆ ಅದನ್ನು ಓಡಿಸುವ ಮೂರು ಸರ್ವರ್ ಯಂತ್ರ, ಕಂಡಿದೆ. ಮೊದಲನೆಯದು ಹತ್ತಿರದ ಡೇಟಾ ಸೆಂಟರ್‌ನ ಅಗ್ಗದ ವರ್ಚುವಲ್ ಯಂತ್ರ (ದೊಡ್ಡ ಯಂತ್ರವೊಂದರ ಪಾಲು): ಬೇರೆ ಬಾಡಿಗೆದಾರರೊಂದಿಗೆ ಹಂಚಿಕೊಂಡ ಎರಡು ಪ್ರೊಸೆಸರ್ ಕೋರ್, 4 ಜಿಬಿ ರ‍್ಯಾಮ್. ಎರಡನೆಯದು ಬೇರೊಂದು ಖಂಡದಲ್ಲಿದ್ದ, ಎಂಟು ಕೋರ್, 16 ಜಿಬಿಯ ದೈತ್ಯ. ಮೂರನೆಯದು ಮತ್ತೆ ಹತ್ತಿರದ್ದೇ: ಎರಡೇ ಕೋರ್, 8 ಜಿಬಿ, ಆದರೆ ಆ ಕೋರ್‌ಗಳು ನಮಗಷ್ಟೇ ಮೀಸಲು.

ಸರ್ವರ್ ಸ್ಥಾಪಿಸುವ ಕೆಲಸದಲ್ಲಿ ಮೂರಕ್ಕೂ ವ್ಯತ್ಯಾಸವಿಲ್ಲ. ಆಟದ ಆವೃತ್ತಿಗೆ ತಕ್ಕ ಜಾವಾ (ಸರ್ವರ್ ಓಡಲು ಬೇಕಾದ ತಂತ್ರಾಂಶ) ಹಾಕಿ, ಸರ್ವರ್ ಕಡತವನ್ನು ಒಮ್ಮೆ ಓಡಿಸಿದರೆ ಅದು ಬಳಕೆಯ ಒಪ್ಪಂದಕ್ಕೆ ಸಹಿ ಕೇಳಿ ನಿಂತುಬಿಡುತ್ತದೆ. ಒಪ್ಪಂದದ ಪುಟ್ಟ ಕಡತದಲ್ಲಿ 'ಫಾಲ್ಸ್' ಇದ್ದಲ್ಲಿ 'ಟ್ರೂ' ಬರೆದು, ಆಟಗಾರರು ಒಳಬರುವ ದಾರಿಯಾದ 25565ನೇ ಪೋರ್ಟ್ ತೆರೆದರೆ ಮುಗಿಯಿತು. ದೈತ್ಯನಲ್ಲಿ ಮಾತ್ರ ಅರ್ಧ ಸಂಜೆ ಹಾಳಾಯಿತು. ಯಂತ್ರದ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಒಳಗೆ ಪೋರ್ಟ್ ತೆರೆದಿದ್ದೆ. ಬಾಡಿಗೆ ಕೊಟ್ಟವರ ನಿಯಂತ್ರಣ ಪುಟದಲ್ಲಿ ಇನ್ನೊಂದು ಫೈರ್‌ವಾಲ್ ಇರುವುದನ್ನು ನೋಡಿರಲೇ ಇಲ್ಲ. ಬಾಗಿಲು ತೆರೆದು ಗೇಟಿಗೆ ಬೀಗ ಹಾಕಿದಂತೆ.

ಮೊದಲ ಯಂತ್ರದಲ್ಲಿ ಮೊದಲ ತಪ್ಪು ನನ್ನದೇ. ಇರುವ 4 ಜಿಬಿಯನ್ನೂ ಜಾವಾದ ಹೀಪ್‌ಗೆ (ಆಟದ ದತ್ತಾಂಶ ಇಡುವ ಮೆಮೊರಿ) ಬರೆದುಕೊಟ್ಟೆ. ಜಾವಾಗೆ ಹೀಪ್‌ನ ಆಚೆಗೂ ಜಾಗ ಬೇಕು, ಆಪರೇಟಿಂಗ್ ಸಿಸ್ಟಮ್‌ಗೂ ಬೇಕು. ಎರಡನೇ ರಾತ್ರಿ ಆಟ ಥಟ್ಟನೆ ನಿಂತಿತು. ಆಟದ ಲಾಗ್‌ನಲ್ಲಿ ದೋಷದ ಸುಳಿವೇ ಇಲ್ಲ, ಯಾರೋ ಮಾತಿನ ನಡುವೆ ಎದ್ದುಹೋದಂತೆ ಸಾಲು ಮುಗಿದಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್ ತೆರೆದಾಗ ವಿಷಯ ತಿಳಿಯಿತು: ಮೆಮೊರಿ ಸಾಲದೆ ಲಿನಕ್ಸ್ ತಾನೇ ಜಾವಾವನ್ನು ಕೊಂದಿತ್ತು. ಹೀಪ್ ಅನ್ನು ಎರಡೂವರೆ ಜಿಬಿಗೆ ಇಳಿಸಿದ ಮೇಲೆ ಆ ಕಾಟ ತಪ್ಪಿತು.

ತಪ್ಪದಿದ್ದದ್ದು ಸಂಜೆಯ ಕಾಟ. ಬೆಳಿಗ್ಗೆ ಬೆಣ್ಣೆಯಂತೆ ಸಾಗುವ ಆಟ ಸಂಜೆ ಏಳಾದರೆ ತೆವಳುತ್ತಿತ್ತು. ಒಡೆದ ಕಲ್ಲು ಮತ್ತೆ ಪ್ರತ್ಯಕ್ಷ, ಹಸುಗಳು ನಿಂತಲ್ಲೇ ಕಲ್ಲು. ಈ ಆಟ ಸೆಕೆಂಡಿಗೆ 20 ಬಾರಿ ಲೋಕದ ಲೆಕ್ಕ ಮಾಡಬೇಕು. ಆ ಒಂದೊಂದು ಲೆಕ್ಕಕ್ಕೆ, ಅಂದರೆ ಟಿಕ್‌ಗೆ, 50 ಮಿಲಿಸೆಕೆಂಡ್ ಗಡುವು. ನಮಗೆ ಸೆಕೆಂಡಿಗೆ ಸಿಗುತ್ತಿದ್ದದ್ದು ಹದಿಮೂರು ಟಿಕ್. ಆಡುವವರ ಸಂಖ್ಯೆ ಎರಡೂ ಹೊತ್ತು ಅಷ್ಟೇ. ಯಂತ್ರದ ಹೊರೆ ತೋರಿಸುವ 'ಟಾಪ್' ಓಡಿಸಿ ಪ್ರೊಸೆಸರ್‌ನ ಸಾಲು ನೋಡಿದೆ. ಆ ಸಾಲಿನ ಕೊನೆಯಲ್ಲಿ 'ಎಸ್‌ಟಿ' ಎಂಬ ಅಂಕಿ ಇರುತ್ತದೆ, ಯಾರೂ ಅತ್ತ ಕಣ್ಣು ಹಾಯಿಸುವುದಿಲ್ಲ. ನಮ್ಮ ಯಂತ್ರ ಕೆಲಸಕ್ಕೆ ಸಿದ್ಧವಿದ್ದರೂ ಭೌತಿಕ ಕೋರ್ ಬೇರೆಯವರ ಪಾಲಾಗಿದ್ದ ಸಮಯದ ಶೇಕಡಾ ಪ್ರಮಾಣ ಅದು. ಬೆಳಿಗ್ಗೆ ಸೊನ್ನೆ, ಸಂಜೆ 28. ನೆರೆಮನೆಯವರು ನಲ್ಲಿ ತಿರುಗಿಸಿದಾಗಲೆಲ್ಲ ನಮ್ಮ ನೀರು ಸಣ್ಣಗಾಗುತ್ತಿತ್ತು.

ಸಿಟ್ಟಿನಲ್ಲಿ ದೈತ್ಯನನ್ನು ಹಿಡಿದೆ. ಟಿಕ್ ಪಕ್ಕಾ 20. ಆದರೂ ದೂರು ನಿಲ್ಲಲಿಲ್ಲ. ದೂರಿನ ಬಗೆ ಬದಲಾಯಿತು ಅಷ್ಟೇ. ಹಸುಗಳು ಸಲೀಸಾಗಿ ನಡೆಯುತ್ತಿದ್ದವು, ಪೆಟ್ಟಿಗೆ ಮಾತ್ರ ಕ್ಲಿಕ್ಕಿಸಿದ ಮೇಲೆ ಒಂದು ಉಸಿರು ತಡೆದು ತೆರೆಯುತ್ತಿತ್ತು. ಪಿಂಗ್, ಅಂದರೆ ಸಂದೇಶ ಸರ್ವರ್‌ಗೆ ಹೋಗಿ ಬರುವ ಹೊತ್ತು, 190 ಮಿಲಿಸೆಕೆಂಡ್. ಇದಕ್ಕೆ ಯಾವ ಸೆಟ್ಟಿಂಗ್‌ನಲ್ಲೂ ಮದ್ದಿಲ್ಲ: ಸಂದೇಶ ಹೊರುವ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, 10,000 ಕಿಲೋಮೀಟರ್ ಹೋಗಿ ಬರುವುದಕ್ಕೇ 100 ಮಿಲಿಸೆಕೆಂಡ್ ಬೇಕು. ಇನ್ನು ಎಂಟು ಕೋರ್‌ಗಳ ಕಥೆ: ಆಟದ ಮುಖ್ಯ ಲೆಕ್ಕವೆಲ್ಲ ಒಂದೇ ಥ್ರೆಡ್‌ನ (ಒಂದು ಹೊತ್ತಿಗೆ ಒಂದೇ ಕೋರ್ ಬಳಸುವ ಕೆಲಸದ ಸರಣಿ) ತಲೆಯ ಮೇಲೆ. ಒಬ್ಬ ದುಡಿಯುತ್ತಿದ್ದ, ಮಿಕ್ಕವರು ಬಹುತೇಕ ಹೊತ್ತು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಒಂದು ಸಂದರ್ಭದಲ್ಲಿ ಮಾತ್ರ ದೈತ್ಯನನ್ನು ಮೀರಿಸಿದವರಿಲ್ಲ. ರೆಕ್ಕೆ ಕಟ್ಟಿಕೊಂಡು ಯಾರೂ ಕಾಲಿಡದ ಕಡೆಗೆ ಹಾರಿದಾಗ ಹೊಸ ಚಂಕ್‌ಗಳು (ಲೋಕದ ನೆಲದ ತುಂಡುಗಳು) ಹುಟ್ಟಬೇಕು, ಆ ಕೆಲಸ ಹಲವು ಕೋರ್‌ಗಳಿಗೆ ಹಂಚಿಕೆಯಾಗುತ್ತದೆ. ನೆಲ ನಮಗಿಂತ ಮುಂದೆ ಓಡುತ್ತಿತ್ತು.

ಮೂರನೆಯದರಲ್ಲಿ ಪಿಂಗ್ 30, 'ಎಸ್‌ಟಿ' ಸದಾ ಸೊನ್ನೆ. ಬಾಡಿಗೆ ದೈತ್ಯನದಕ್ಕಿಂತ ಸ್ವಲ್ಪ ಕಡಿಮೆ, ಮೊದಲನೆಯದರ ಮೂರು ಪಟ್ಟು. ಹೊಸ ನೆಲ ಹುಟ್ಟಿಸುವಾಗ ಏದುಸಿರು ಬಿಡುತ್ತಿದ್ದದ್ದು ನಿಜ. ಅದಕ್ಕೆ ಚಂಕಿ ಎಂಬ ಪ್ಲಗಿನ್ (ಸರ್ವರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ, 3000 ಬ್ಲಾಕ್ ತ್ರಿಜ್ಯದ ನೆಲವನ್ನು ಯಾರೂ ಇಲ್ಲದ ಒಂದು ರಾತ್ರಿ ಮೊದಲೇ ಹುಟ್ಟಿಸಿಟ್ಟೆ. ನೋಟದ ದೂರವನ್ನು 10 ಚಂಕ್‌ನಿಂದ 8ಕ್ಕೆ ಇಳಿಸಿದೆ, ಒಬ್ಬರೂ ಗಮನಿಸಲಿಲ್ಲ. ಲೋಕ ಈಗಲೂ ಇಲ್ಲೇ ಇದೆ.

ಸರ್ವರ್ ತಂತ್ರಾಂಶದಲ್ಲೂ ಎರಡನ್ನು ನೋಡಿದ್ದೇನೆ. ಮೂಲ ಸರ್ವರ್ ಇರುವಂತೆಯೇ ಓಡಿಸಿದ್ದು ಮೊದಲ ವಾರವಷ್ಟೇ. ಆಮೇಲೆ ಎಲ್ಲ ಕಡೆಯೂ ಪೇಪರ್ ಎಂಬ ಅದರ ಮಾರ್ಪಡಿಸಿದ ರೂಪ. ಅದೇ ಲೋಕ, ಅಷ್ಟೇ ಜನ, ಪೇಪರ್‌ನಲ್ಲಿ ಟಿಕ್‌ನ ಲೆಕ್ಕ ಎದ್ದು ಕಾಣುವಷ್ಟು ಬೇಗ ಮುಗಿಯುತ್ತದೆ. ಪ್ಲಗಿನ್‌ಗಳೂ ಪೇಪರ್ ಇದ್ದರೇ. ತೆತ್ತ ಬೆಲೆ ಒಂದೇ: ಆಟದ ಸಿಡಿಮದ್ದಾದ ಟಿಎನ್‌ಟಿಯನ್ನು ನಕಲು ಮಾಡುವ ಹಳೆಯ ಚಮತ್ಕಾರವನ್ನು ಪೇಪರ್ ತಾನಾಗಿಯೇ ಮುಚ್ಚುತ್ತದೆ. ಅದನ್ನೇ ನಂಬಿ ಗೆಳೆಯನೊಬ್ಬ ಮೂರು ದಿನ ಕೂತು ಕಟ್ಟಿದ ಸುರಂಗ ಕೊರೆಯುವ ಯಂತ್ರ ಅಂದಿನಿಂದ ಬೆಟ್ಟದ ಹೊಟ್ಟೆಯಲ್ಲಿ ಕೆಟ್ಟು ನಿಂತಿದೆ. ಆ ಚಮತ್ಕಾರಕ್ಕೆ ಮತ್ತೆ ಅನುಮತಿ ಕೊಡುವ ಒಂದು ಸಾಲು ಪೇಪರ್‌ನ ಸೆಟ್ಟಿಂಗ್ ಕಡತದಲ್ಲೇ ಇದೆ. ಅವನಿಗೆ ಇನ್ನೂ ಹೇಳಿಲ್ಲ.